ಅರ್ಜಿ ಹಾಕಲಾಗದ ಗ್ರ್ಯಾಂಡ್‌ಮಾಸ್ಟರ್

ಚೆಸ್‌ನಲ್ಲಿ ವಿಶ್ವ ಚಾಂಪಿಯನ್ ಪಟ್ಟವೊಂದನ್ನು ಬಿಟ್ಟರೆ ಗ್ರ್ಯಾಂಡ್‌ಮಾಸ್ಟರ್‌ಗಿಂತ ದೊಡ್ಡ ಬಿರುದಿಲ್ಲ. ಅಂತರರಾಷ್ಟ್ರೀಯ ಚೆಸ್ ಫೆಡರೇಷನ್ (ಫಿಡೆ) 1950ರಲ್ಲಿ ಇದನ್ನು ಮೊದಲ ಸಲ ಅಧಿಕೃತವಾಗಿ ಕೊಟ್ಟಾಗ ಪಟ್ಟಿಯಲ್ಲಿದ್ದವರು 27 ಮಂದಿ. ಆಗ ಸೂತ್ರ, ಕೋಷ್ಟಕ ಏನೂ ಇರಲಿಲ್ಲ. ಆಟಗಾರರ ಹಿಂದಿನ ಸಾಧನೆ ನೋಡಿ ಹೆಸರು ಬರೆದದ್ದಷ್ಟೆ. ಹಂಗೇರಿ ಮೂಲದ ಅಮೆರಿಕನ್ ಭೌತಶಾಸ್ತ್ರಜ್ಞ ಅರ್ಪಾಡ್ ಎಲೊ ರೂಪಿಸಿದ ರೇಟಿಂಗ್ ಪದ್ಧತಿಯನ್ನು ಫಿಡೆ 1970ರಲ್ಲಿ ಒಪ್ಪಿಕೊಂಡ ಮೇಲೆ ಬಿರುದು ಅಂಕಿಗಳ ಕೈಗೆ ಹೋಯಿತು. ಅಂಕಿಗೆ ಮನುಷ್ಯ, ಯಂತ್ರ ಎಂಬ ಭೇದವಿಲ್ಲ. ಕಂಪ್ಯೂಟರಿಗೂ ಗ್ರ್ಯಾಂಡ್‌ಮಾಸ್ಟರ್ ಬಿರುದು ಸಲ್ಲಬಹುದೇ ಎಂಬ ಪ್ರಶ್ನೆ ಗಂಭೀರವಾಗಿ ಎದ್ದದ್ದೇ ಆ ಕಾರಣಕ್ಕೆ.

ಇಂದಿನ ನಿಯಮಗಳ ಪ್ರಕಾರ ಬಿರುದಿಗೆ ಎರಡು ಮೆಟ್ಟಿಲು. ಆಟಗಾರನ ಫಿಡೆ ರೇಟಿಂಗ್ ಯಾವಾಗಲಾದರೂ ಒಮ್ಮೆ 2500 ಮುಟ್ಟಿರಬೇಕು. ಜೊತೆಗೆ ಕನಿಷ್ಠ 27 ಪಂದ್ಯಗಳಷ್ಟು 'ನಾರ್ಮ್', ಅಂದರೆ ನಿಗದಿತ ಮಟ್ಟದ ಟೂರ್ನಿ ಸಾಧನೆ, ಗಳಿಸಿರಬೇಕು. ಸಾಮಾನ್ಯವಾಗಿ ಇದು ಒಂಬತ್ತು ಸುತ್ತುಗಳ ಮೂರು ಟೂರ್ನಿಗಳಿಗೆ ಸಮ. ಪ್ರತಿ ನಾರ್ಮ್‌ನಲ್ಲೂ ಆಟದ ಮಟ್ಟ 2600ಕ್ಕೆ ಸಮನಾಗಿರಬೇಕು. ಎದುರಾಳಿಗಳಲ್ಲಿ ಕನಿಷ್ಠ ಮೂವರು ಗ್ರ್ಯಾಂಡ್‌ಮಾಸ್ಟರ್‌ಗಳಿರಬೇಕು, ಅರ್ಧದಷ್ಟಾದರೂ ಮಂದಿ ಬಿರುದುಳ್ಳವರಾಗಿರಬೇಕು, ಅವರೆಲ್ಲ ಒಂದೇ ದೇಶದವರಾಗಿರಕೂಡದು. ಆಟ ಕ್ಲಾಸಿಕಲ್ ಕಾಲಮಿತಿಯಲ್ಲಿ, ಅಂದರೆ ಗಂಟೆಗಟ್ಟಲೆ ಕೂತು ಆಡುವಂಥದ್ದಾಗಿರಬೇಕು. ಇದೆಲ್ಲ ಪೂರೈಸಿದ ಮೇಲೆ ಆಟಗಾರನ ರಾಷ್ಟ್ರೀಯ ಫೆಡರೇಷನ್ ಫಿಡೆಗೆ ಅರ್ಜಿ ಸಲ್ಲಿಸುತ್ತದೆ. ಒಮ್ಮೆ ಕೊಟ್ಟ ಬಿರುದು ಸಾಮಾನ್ಯವಾಗಿ ಜೀವನಪರ್ಯಂತ. ಮನುಷ್ಯರಿಗೆ ಇದು ಸಲೀಸಾದ ದಾರಿಯಲ್ಲ. ವಿಶ್ವನಾಥನ್ ಆನಂದ್ 1988ರಲ್ಲಿ ಭಾರತದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು. ಕರ್ನಾಟಕಕ್ಕೆ ತನ್ನ ಮೊದಲ ಗ್ರ್ಯಾಂಡ್‌ಮಾಸ್ಟರ್ ಸಿಗಲು 2017ರವರೆಗೆ ಕಾಯಬೇಕಾಯಿತು. ಮೈಸೂರಿನ ಎಂ.ಎಸ್. ತೇಜ್‌ಕುಮಾರ್ ಆ ವರ್ಷ ದೇಶದ 50ನೆಯವರಾಗಿ ಬಿರುದು ಪಡೆದಾಗ ಅವರಿಗೆ ಮೂವತ್ತೈದು ದಾಟಿತ್ತು.

ಯಂತ್ರಗಳ ದಾರಿ ಶುರುವಾದದ್ದು ಇನ್ನೂ ಕೆಳಗಿನಿಂದ. ಎಂಐಟಿಯ ರಿಚರ್ಡ್ ಗ್ರೀನ್‌ಬ್ಲಾಟ್ ಬರೆದ 'ಮ್ಯಾಕ್ ಹ್ಯಾಕ್' 1967ರಲ್ಲಿ ಮನುಷ್ಯರ ಟೂರ್ನಿಯೊಂದಕ್ಕೆ ಇಳಿದ ಮೊದಲ ಪ್ರೋಗ್ರಾಂ. ಅದರ ಮಟ್ಟ ಒಬ್ಬ ಸಾಧಾರಣ ಕ್ಲಬ್ ಆಟಗಾರನದು. ಆದರೂ ಅಮೆರಿಕದ ಚೆಸ್ ಫೆಡರೇಷನ್ ಅದನ್ನು ಗೌರವ ಸದಸ್ಯನನ್ನಾಗಿ ಮಾಡಿಕೊಂಡಿತು. ಮುಂದೆ ಯಂತ್ರಗಳ ಆಟಕ್ಕೂ ರೇಟಿಂಗ್ ಕೊಡುವ ಉದಾರತೆಯನ್ನು ತೋರಿಸಿತು. ಅದರ ಫಲ 1983ರಲ್ಲಿ ಕಂಡಿತು: ಬೆಲ್ ಲ್ಯಾಬ್ಸ್‌ನ ಕೆನ್ ಥಾಂಪ್ಸನ್ ಮತ್ತು ಜೋ ಕಾಂಡನ್ ಕಟ್ಟಿದ 'ಬೆಲ್' ಎಂಬ ಯಂತ್ರ 2200ರ ಗಡಿ ದಾಟಿ ಅಮೆರಿಕದ 'ಮಾಸ್ಟರ್' ದರ್ಜೆಗೇರಿತು. ಮನುಷ್ಯರಿಗಾಗಿ ಮಾಡಿದ ಅಳತೆಗೋಲಿನಲ್ಲೇ ಅಳೆದು ಯಂತ್ರವೊಂದಕ್ಕೆ ಮಾಸ್ಟರ್ ದರ್ಜೆ ಕೊಟ್ಟದ್ದು ಅದೇ ಮೊದಲು. ಅದಕ್ಕೂ ಹಿಂದಿನ ವರ್ಷ ಬೆಲ್ ಬೇರೊಂದು ಕಾರಣಕ್ಕೆ ಸುದ್ದಿಯಾಗಿತ್ತು. ಥಾಂಪ್ಸನ್ ಅದನ್ನು ಮಾಸ್ಕೋದ ಪ್ರದರ್ಶನಕ್ಕೆ ಒಯ್ಯುತ್ತಿದ್ದಾಗ ನ್ಯೂಯಾರ್ಕ್ ವಿಮಾನ ನಿಲ್ದಾಣದ ಸುಂಕದವರು, ಸೋವಿಯತ್ ದೇಶಕ್ಕೆ ಹೈಟೆಕ್ ಸರಕು ಸಾಗುತ್ತಿದೆಯೆಂದು ತಡೆಹಿಡಿದಿದ್ದರು. ಯುನಿಕ್ಸ್ ಕಟ್ಟಿದವರಲ್ಲೊಬ್ಬನೆಂಬ ಹೆಸರು ಅಲ್ಲಿ ಪ್ರಯೋಜನಕ್ಕೆ ಬಂದಿರಲಿಲ್ಲ.

ಆ ಮೊದಲ 27 ಗ್ರ್ಯಾಂಡ್‌ಮಾಸ್ಟರ್‌ಗಳಲ್ಲಿ ಒಬ್ಬರಾದ ಮಿಖಾಯಿಲ್ ಬೊಟ್ವಿನ್ನಿಕ್ ವೃತ್ತಿಯಿಂದ ವಿದ್ಯುತ್ ಎಂಜಿನಿಯರ್. ವಿಶ್ವ ಚಾಂಪಿಯನ್ ಪಟ್ಟ ಕಳೆದುಕೊಂಡ ಮೇಲೆ, ಗ್ರ್ಯಾಂಡ್‌ಮಾಸ್ಟರ್‌ನಂತೆ ಯೋಚಿಸುವ 'ಪಯೊನೀರ್' ಎಂಬ ಪ್ರೋಗ್ರಾಂಗಾಗಿ ಅವರು ವರ್ಷಾನುಗಟ್ಟಲೆ ದುಡಿದರು. ಅದು ಕೊನೆಗೂ ಟೂರ್ನಿಯ ಹಲಗೆಯವರೆಗೆ ಬರಲಿಲ್ಲ. ಗೆದ್ದದ್ದು ಇನ್ನೊಂದು ಪಂಥ: ಯೋಚನೆಯ ಗೊಡವೆ ಬೇಡ, ಸಾಧ್ಯವಿರುವ ನಡೆಗಳನ್ನೆಲ್ಲ ಎಷ್ಟು ಬೇಗ, ಎಷ್ಟು ಆಳಕ್ಕೆ ಎಣಿಸಬಹುದೋ ಅಷ್ಟು ಎಣಿಸು ಎನ್ನುವವರದು.

ಈ ಪಂಥದ ಕೈಮೇಲಾದ ವರ್ಷ 1988. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ 'ಹೈಟೆಕ್' ಯಂತ್ರ ಹಿರಿಯ ಗ್ರ್ಯಾಂಡ್‌ಮಾಸ್ಟರ್ ಆರ್ನಲ್ಡ್ ಡೆಂಕರ್ ಅವರನ್ನು ನಾಲ್ಕು ಪಂದ್ಯಗಳಲ್ಲಿ 3.5–0.5ರಿಂದ ಸೋಲಿಸಿತು. ಅದೇ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಕಟ್ಟಿದ 'ಡೀಪ್ ಥಾಟ್' ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಲ್ಲಿ ನಡೆದ ಓಪನ್ ಟೂರ್ನಿಗೆ ಇಳಿಯಿತು. ಅಲ್ಲಿ ಡೆನ್ಮಾರ್ಕಿನ ಬೆಂಟ್ ಲಾರ್ಸನ್, ಹಿಂದೆ ಬಾಬಿ ಫಿಷರ್‌ಗೂ ಸರಿಸಾಟಿ ಎನಿಸಿದ್ದ ಆಟಗಾರ, ಈ ಯಂತ್ರಕ್ಕೆ ಸೋತರು. ಅಷ್ಟು ದೊಡ್ಡ ಹೆಸರಿನವರೊಬ್ಬರು ಟೂರ್ನಿಯ ಪಂದ್ಯದಲ್ಲಿ ಯಂತ್ರಕ್ಕೆ ಸೋತದ್ದು ಅದೇ ಮೊದಲು. ಟೂರ್ನಿ ಮುಗಿದಾಗ ಡೀಪ್ ಥಾಟ್, ಇಂಗ್ಲೆಂಡಿನ ಟೋನಿ ಮೈಲ್ಸ್ ಜೊತೆ ಮೊದಲ ಸ್ಥಾನ ಹಂಚಿಕೊಂಡಿತ್ತು. ಸ್ಥಾನ ಹಂಚಿಕೆಯಾಯಿತೇ ಹೊರತು ಹಣವಲ್ಲ. ಬಹುಮಾನಕ್ಕೆ ಯಂತ್ರ ಅರ್ಹವಲ್ಲವಾದ್ದರಿಂದ ಮೊದಲ ಬಹುಮಾನ ಮೈಲ್ಸ್ ಪಾಲಾಯಿತು. ಮುಂದೆ ನಡೆದದ್ದಕ್ಕೆಲ್ಲ ಅದೊಂದು ಸಣ್ಣ ಮುನ್ಸೂಚನೆ: ಆಡಬಹುದು, ಗೆಲ್ಲಲೂಬಹುದು, ಪಾಲು ಕೇಳುವಂತಿಲ್ಲ.

ಎಡ್ವರ್ಡ್ ಫ್ರೆಡ್ಕಿನ್ ಹೆಸರಿನ ಬಹುಮಾನವೊಂದು ಮಾತ್ರ ಯಂತ್ರಗಳಿಗೆಂದೇ ಇತ್ತು. ಮಾಸ್ಟರ್ ದರ್ಜೆಗೆ 5,000 ಡಾಲರ್, ಗ್ರ್ಯಾಂಡ್‌ಮಾಸ್ಟರ್ ಮಟ್ಟಕ್ಕೆ 10,000, ವಿಶ್ವ ಚಾಂಪಿಯನ್ನನನ್ನು ಸೋಲಿಸಿದರೆ ಒಂದು ಲಕ್ಷ. ಎರಡನೆಯದಕ್ಕೆ ಹಾಕಿದ್ದ ಷರತ್ತು, ಸತತ 25 ಪಂದ್ಯಗಳಲ್ಲಿ 2500ರ ಮಟ್ಟದ ಆಟ. ಇದು ಫಿಡೆಯ ನಾರ್ಮ್ ಲೆಕ್ಕದ ಪಕ್ಕದ ಮನೆಯೇ. ಡೀಪ್ ಥಾಟ್ ಅದನ್ನು ಗೆದ್ದುಕೊಂಡಿತು.

ಆದರೆ ಆ 2500 ಎಷ್ಟು ಗಟ್ಟಿ ಎಂಬುದು ಬೇರೆ ಮಾತು. 1989ರಲ್ಲಿ ಆಗಿನ ವಿಶ್ವ ಚಾಂಪಿಯನ್ ಗ್ಯಾರಿ ಕಾಸ್ಪರೋವ್ ನ್ಯೂಯಾರ್ಕಿನಲ್ಲಿ ಡೀಪ್ ಥಾಟನ್ನು ಎರಡೂ ಪಂದ್ಯಗಳಲ್ಲಿ ನಿರಾಯಾಸವಾಗಿ ಸೋಲಿಸಿದರು. 1991ರಲ್ಲಿ ಜರ್ಮನಿಯ ಹ್ಯಾನೋವರ್‌ನಲ್ಲಿ ಬಲಿಷ್ಠ ಎದುರಾಳಿಗಳ ನಡುವೆ ಕೂತಾಗ ಅದಕ್ಕೆ ಸಿಕ್ಕದ್ದು ಏಳು ಪಂದ್ಯಗಳಿಂದ ಎರಡೂವರೆ ಪಾಯಿಂಟ್. ಅಮೆರಿಕದ ಓಪನ್ ಟೂರ್ನಿಗಳಲ್ಲಿ ಯಂತ್ರದೆದುರು ಮೊದಲ ಸಲ ಕೂತು ಗಾಬರಿಯಾದವರನ್ನು ಸೋಲಿಸಿ ಗಳಿಸಿದ ರೇಟಿಂಗ್, ಸಿದ್ಧತೆ ಮಾಡಿಕೊಂಡು ಬಂದವರ ಮುಂದೆ ನಿಲ್ಲಲಿಲ್ಲ. ಯಂತ್ರದ ದೌರ್ಬಲ್ಯಗಳು ಆಟಗಾರರ ವಲಯದಲ್ಲಿ ಆಗಲೇ ಬಾಯಿಂದ ಬಾಯಿಗೆ ಹರಡುತ್ತಿದ್ದವು. ನೆದರ್ಲೆಂಡ್ಸ್‌ನ ಹೇಗ್ ನಗರದಲ್ಲಿ 1986ರಿಂದ 1997ರವರೆಗೆ ನಡೆದ 'ಏಗಾನ್' ಟೂರ್ನಿಗಳಲ್ಲಿ ಮನುಷ್ಯರಿಗೆ ಎದುರಾಳಿಗಳಾಗಿದ್ದದ್ದು ಯಂತ್ರಗಳೇ. ಯಂತ್ರವನ್ನು ಎದುರಿಸುವ ವಿದ್ಯೆಯನ್ನು ಕಲಿಯಲು ಅದಕ್ಕಿಂತ ಒಳ್ಳೆಯ ಗರಡಿ ಇರಲಿಲ್ಲ.

1997ರ ಮೇ ತಿಂಗಳಲ್ಲಿ ಐಬಿಎಂನ 'ಡೀಪ್ ಬ್ಲೂ' ಕಾಸ್ಪರೋವ್ ಅವರನ್ನು 3.5–2.5ರಿಂದ ಸೋಲಿಸಿದ್ದು ಚೆಸ್ ಗೊತ್ತಿಲ್ಲದವರಿಗೂ ಗೊತ್ತು. ಸೆಕೆಂಡಿಗೆ 20 ಕೋಟಿ ಸ್ಥಿತಿಗಳನ್ನು ಎಣಿಸುತ್ತಿದ್ದ ಈ ಯಂತ್ರಕ್ಕೆ ಒಂದು ಲಕ್ಷ ಡಾಲರಿನ ಫ್ರೆಡ್ಕಿನ್ ಬಹುಮಾನವೂ ಬಂತು. ಆದರೆ ಬಿರುದಿನ ಲೆಕ್ಕದಲ್ಲಿ ಆ ಗೆಲುವಿನ ಬೆಲೆ ಸೊನ್ನೆ. ಆಡಿದ್ದು ಆರೇ ಪಂದ್ಯ, ಎದುರಾಳಿ ಒಬ್ಬನೇ, ದೇಶವೂ ಒಂದೇ. ವಿಶ್ವ ಚಾಂಪಿಯನ್ನನನ್ನು ಮಣಿಸಿದವನಿಗೆ ಅರ್ಧ ನಾರ್ಮೂ ಸಿಗುವುದಿಲ್ಲ ಎನ್ನುವುದು ವಿಚಿತ್ರವೆನಿಸಬಹುದು. ನಿಯಮದಲ್ಲಿ ಅರ್ಥವಿದೆ. ಒಬ್ಬ ಎದುರಾಳಿಯನ್ನು ಗುರಿಯಿಟ್ಟು ತಯಾರಾಗುವುದು ಬೇರೆ, ಹತ್ತು ಬಗೆಯ ಆಟಗಾರರನ್ನು ದಿನಕ್ಕೊಬ್ಬರಂತೆ ಎದುರಿಸುವುದು ಬೇರೆ. ಡೀಪ್ ಬ್ಲೂ ತಂಡದಲ್ಲಿ ಗ್ರ್ಯಾಂಡ್‌ಮಾಸ್ಟರ್ ಜೋಯಲ್ ಬೆಂಜಮಿನ್ ಇದ್ದರು; ಒಂದು ಪಂದ್ಯಕ್ಕೂ ಇನ್ನೊಂದಕ್ಕೂ ನಡುವೆ ಪ್ರೋಗ್ರಾಂ ತಿದ್ದಲು ತಂಡಕ್ಕೆ ಅವಕಾಶವಿತ್ತು. ಪಂದ್ಯಾವಳಿ ಮುಗಿದದ್ದೇ ಐಬಿಎಂ ಯಂತ್ರಕ್ಕೆ ನಿವೃತ್ತಿ ಕೊಟ್ಟಿತು. ಅದರ ಎರಡು ಭಾಗಗಳು ಈಗ ಅಮೆರಿಕದ ಎರಡು ಮ್ಯೂಸಿಯಂಗಳಲ್ಲಿವೆ.

ಕಾಲಮಿತಿಯ ಮಹತ್ವ ಏನೆಂಬುದನ್ನು ಆನಂದ್ ಅವರ ಒಂದು ಪಂದ್ಯಾವಳಿ ಚೆನ್ನಾಗಿ ತೋರಿಸುತ್ತದೆ. 1998ರ ಜುಲೈನಲ್ಲಿ ಇಟಲಿಯ ಇಸ್ಕಿಯಾ ದ್ವೀಪದಲ್ಲಿ ಅವರು 'ರೆಬೆಲ್ 10' ಎಂಬ ಪ್ರೋಗ್ರಾಂ ಎದುರು ಎಂಟು ಪಂದ್ಯ ಆಡಿ ಒಟ್ಟು 3–5ರಿಂದ ಸೋತರು. ಬಿಡಿಸಿ ನೋಡಿದರೆ ಚಿತ್ರ ಬದಲಾಗುತ್ತದೆ. ನಾಲ್ಕು ಬ್ಲಿಟ್ಜ್ ಪಂದ್ಯಗಳಲ್ಲಿ ಯಂತ್ರಕ್ಕೆ ಮೂರು ಪಾಯಿಂಟ್, ಹದಿನೈದು ನಿಮಿಷದ ಎರಡು ಪಂದ್ಯಗಳಲ್ಲಿ ಒಂದೂವರೆ. ಟೂರ್ನಿಯ ಪೂರ್ಣ ಕಾಲಮಿತಿಯ ಎರಡು ಪಂದ್ಯಗಳಲ್ಲಿ ಮಾತ್ರ ಆನಂದ್‌ಗೆ ಒಂದೂವರೆ. ಬಿರುದಿನ ಲೆಕ್ಕಕ್ಕೆ ಬರುವುದು ಈ ಕೊನೆಯ ಬಗೆಯ ಆಟ ಮಾತ್ರ. ವೇಗದ ಆಟದಲ್ಲಿ ಯಂತ್ರ ಮುಂದೆ, ನಿಧಾನದ ಆಟದಲ್ಲಿ ಮನುಷ್ಯ ಇನ್ನೂ ಸರಿಸಮ ಎಂಬುದು ಆ ಹೊತ್ತಿನ ನಿಜ.

ಹಾಗಾದರೆ ನಾರ್ಮಿನ ಎಲ್ಲ ಷರತ್ತುಗಳನ್ನೂ ಯಂತ್ರವೊಂದು ಯಾವಾಗಲಾದರೂ ಪೂರೈಸಿತ್ತೇ? 2000ದ ಜುಲೈನಲ್ಲಿ ಜರ್ಮನಿಯ ಡಾರ್ಟ್‌ಮುಂಡ್‌ನಲ್ಲಿ ನಡೆದದ್ದನ್ನು ಹತ್ತಿರದಿಂದ ನೋಡಬೇಕು. ಅಲ್ಲಿನ ಪ್ರತಿಷ್ಠಿತ ಟೂರ್ನಿಗೆ ಆ ವರ್ಷ ಇಸ್ರೇಲಿನ ಅಮಿರ್ ಬಾನ್ ಮತ್ತು ಶಾಯ್ ಬುಶಿನ್‌ಸ್ಕಿ ಬರೆದ 'ಡೀಪ್ ಜೂನಿಯರ್' ಪ್ರೋಗ್ರಾಂ ಹತ್ತನೆಯ ಆಟಗಾರನಾಗಿ ಬಂತು. ಉಳಿದ ಒಂಬತ್ತು ಮಂದಿ: ರಷ್ಯಾದ ಕ್ರಾಮ್ನಿಕ್, ಖಾಲಿಫ್ಮನ್, ಬರೇವ್, ಭಾರತದ ಆನಂದ್, ಇಂಗ್ಲೆಂಡಿನ ಆಡಮ್ಸ್, ಹಂಗೇರಿಯ ಲೇಕೊ, ಅರ್ಮೇನಿಯಾದ ಅಕೊಪಿಯನ್, ನೆದರ್ಲೆಂಡ್ಸ್‌ನ ಪಿಕೆಟ್, ಜರ್ಮನಿಯ ಹ್ಯೂಬ್ನರ್. ಕ್ರಾಮ್ನಿಕ್ ಮತ್ತು ಆನಂದ್ ಅಗ್ರಸ್ಥಾನ ಹಂಚಿಕೊಂಡರು. ಡೀಪ್ ಜೂನಿಯರ್ ಒಂಬತ್ತರಲ್ಲಿ ನಾಲ್ಕೂವರೆ ಪಾಯಿಂಟ್ ಗಳಿಸಿತು.

ನಾಲ್ಕೂವರೆ ಎಂದರೆ ನಡುಮಟ್ಟ ಎನಿಸೀತು. ಆದರೆ ಎದುರಾಳಿಗಳ ಸರಾಸರಿ ರೇಟಿಂಗ್ 2700ರ ಆಸುಪಾಸಿನಲ್ಲಿದ್ದಾಗ ಒಟ್ಟು ಪಾಯಿಂಟುಗಳಲ್ಲಿ ಅರ್ಧವನ್ನು ಗೆದ್ದರೆ ಆಟದ ಮಟ್ಟವೂ ಅಷ್ಟೇ ಎಂದಾಗುತ್ತದೆ. ನಾರ್ಮಿಗೆ ಬೇಕಾದದ್ದು 2600. ಪಂದ್ಯಗಳು ಒಂಬತ್ತು, ಸಾಲುತ್ತವೆ. ಗ್ರ್ಯಾಂಡ್‌ಮಾಸ್ಟರ್‌ಗಳು ಮೂವರು ಸಾಕಾಗಿತ್ತು, ಒಂಬತ್ತೂ ಮಂದಿ ಇದ್ದರು. ದೇಶಗಳು ಏಳು. ಕಾಲಮಿತಿ ಕ್ಲಾಸಿಕಲ್. ಡೀಪ್ ಜೂನಿಯರ್ ಜಾಗದಲ್ಲಿ ಬಿರುದಿಲ್ಲದ ಹುಡುಗನೊಬ್ಬ ಕೂತು ಇಷ್ಟೇ ಪಾಯಿಂಟ್ ತೆಗೆದಿದ್ದರೆ, ನಾರ್ಮ್ ಪತ್ರಕ್ಕೆ ಸಹಿ ಹಾಕಲು ಆರ್ಬಿಟರ್ ಎರಡನೆಯ ಸಲ ಯೋಚಿಸುತ್ತಿರಲಿಲ್ಲ. ಕಾಗದದ ಮೇಲೆ ಅದು ನಿಸ್ಸಂದೇಹವಾಗಿ ಒಂದು ನಾರ್ಮ್.

ಅದೇ ಟೂರ್ನಿಯಲ್ಲಿ ಯಂತ್ರದ ಕುಂದೂ ಬಯಲಾಯಿತು. ಕ್ರಾಮ್ನಿಕ್ 'ಸ್ಟೋನ್‌ವಾಲ್' ರಚನೆಯಲ್ಲಿ ಕಾಲಾಳುಗಳನ್ನು ಕೋಟೆಗೋಡೆಯಂತೆ ಎದುರುಬದುರು ನಿಲ್ಲಿಸಿ ಹಲಗೆಯ ನಡುಭಾಗವನ್ನು ಹೆಪ್ಪುಗಟ್ಟಿಸಿದರು. ಹೊಡೆದಾಟಕ್ಕೆ ದಾರಿಯಿಲ್ಲದಾಗ ಯಂತ್ರದ ಎಣಿಕೆಗೆ ಹಿಡಿಯಲು ಏನೂ ಸಿಗುವುದಿಲ್ಲ. ಅದು ಅರ್ಥವಿಲ್ಲದ ನಡೆಗಳನ್ನು ಆಡುತ್ತಿದ್ದಂತೆ ಕ್ರಾಮ್ನಿಕ್ ನಿಧಾನವಾಗಿ ರಾಜನ ಕಡೆ ದಾಳಿ ಕಟ್ಟಿ ಗೆದ್ದರು. ಇಂಥ ಸೋಲಿನಿಂದ ಬಿರುದಿನ ಹಕ್ಕು ಕಡಿಮೆಯಾಗುವುದಿಲ್ಲ. ಗ್ರ್ಯಾಂಡ್‌ಮಾಸ್ಟರ್‌ಗಳೂ ಸೋಲುತ್ತಾರೆ, ಅವರಿಗೂ ಆಗದ ಸ್ಥಿತಿಗಳಿರುತ್ತವೆ.

ಎಲ್ಲರೂ ಡಾರ್ಟ್‌ಮುಂಡ್‌ನವರಷ್ಟು ಸಮಾಧಾನಿಗಳಾಗಿರಲಿಲ್ಲ. ಅದೇ ವರ್ಷ ರಾಟರ್‌ಡಾಮ್‌ನಲ್ಲಿ ನಡೆದ ಡಚ್ ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗೆ 'ಫ್ರಿಟ್ಜ್' ಪ್ರೋಗ್ರಾಂ ಸೇರಿಸಿದಾಗ ಹಲವು ಆಟಗಾರರು ಬಹಿರಂಗವಾಗಿಯೇ ವಿರೋಧಿಸಿದರು. ಒಂದು ದೇಶದ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಕಣದಲ್ಲಿ ಆ ದೇಶದ ಪ್ರಜೆಯಲ್ಲದ, ಯಾವ ದೇಶದ ಪ್ರಜೆಯೂ ಆಗಲಾರದ ಸ್ಪರ್ಧಿಯೊಂದನ್ನು ಕೂರಿಸಿದ್ದು ಹಾಸ್ಯಾಸ್ಪದವೇ ಸರಿ. ಬಿರುದಿನ ನಿಯಮಕ್ಕೂ ಇದೇ ತೊಡಕು. ಎದುರಾಳಿಗಳಲ್ಲಿ ಬೇರೆ ದೇಶದವರಿರಬೇಕು ಎನ್ನುವುದಕ್ಕೆ ಮೊದಲು ಸ್ಪರ್ಧಿಗೆ ಒಂದು ದೇಶ ಬೇಕು. ಅರ್ಜಿ ಕಳಿಸಲು ಫೆಡರೇಷನ್ ಬೇಕು. 2500 ಮುಟ್ಟಲು ಫಿಡೆಯ ಗುರುತಿನ ಸಂಖ್ಯೆಯೊಂದು ಬೇಕು. ಡೀಪ್ ಜೂನಿಯರ್‌ಗೆ ಈ ಮೂರೂ ಇರಲಿಲ್ಲ.

ಇವೆಲ್ಲ ಕಚೇರಿಯ ತಕರಾರು, ಮನಸ್ಸು ಮಾಡಿದರೆ ತಿದ್ದಬಹುದು. ತಿದ್ದಲಾಗದ್ದು ಇನ್ನೊಂದಿದೆ: ಬಿರುದು ಕೊಡಬೇಕಾದದ್ದು ಯಾರಿಗೆ? ಆನಂದ್ 1988ರಲ್ಲಿ ಇದ್ದವರೇ 2000ದಲ್ಲೂ ಇದ್ದರು. ಆಟ ಬೆಳೆಯಿತು, ಆಟಗಾರ ಬದಲಾಗಲಿಲ್ಲ. 2000ದ ಡೀಪ್ ಜೂನಿಯರ್ ಎಂಟು ಪ್ರೊಸೆಸರ್‌ಗಳ ಯಂತ್ರವೊಂದರ ಮೇಲೆ ಓಡಿದ ಒಂದು ಆವೃತ್ತಿ. 2003ರಲ್ಲಿ ನ್ಯೂಯಾರ್ಕಿನಲ್ಲಿ, ಫಿಡೆಯ ಮಾನ್ಯತೆಯೊಂದಿಗೇ, ಕಾಸ್ಪರೋವ್ ಜೊತೆ 3–3ರ ಸಮಬಲ ಸಾಧಿಸಿದ್ದು ಅದೇ ಹೆಸರಿನ ಬೇರೆ ಪ್ರೋಗ್ರಾಂ, ಬೇರೆ ಯಂತ್ರದ ಮೇಲೆ. ಮೂರು ನಾರ್ಮ್‌ಗಳನ್ನು ಮೂರು ಆವೃತ್ತಿಗಳು ಗಳಿಸಿದರೆ ಬಿರುದು ಹೆಸರಿಗೋ, ಕೊನೆಯ ಆವೃತ್ತಿಗೋ? ಅದೇ ಪ್ರೋಗ್ರಾಂನ ಸಿಡಿಯನ್ನು ಅಂಗಡಿಯಲ್ಲಿ ಕೊಂಡು ಹಳೆಯ ಲ್ಯಾಪ್‌ಟಾಪಿನಲ್ಲಿ ಓಡಿಸಿದರೆ ಅದೂ ಗ್ರ್ಯಾಂಡ್‌ಮಾಸ್ಟರೇ? ಕರ್ತೃತ್ವದ ಜಗಳ ಸೇರಿದರಂತೂ ಕಥೆ ಇನ್ನೂ ಜಟಿಲ. ಕಂಪ್ಯೂಟರ್ ಚೆಸ್ ವಿಶ್ವ ಚಾಂಪಿಯನ್‌ಷಿಪ್ ಗೆದ್ದ 'ರಿಬ್ಕಾ' ಪ್ರೋಗ್ರಾಂನಲ್ಲಿ ಬೇರೆಯವರ ಕೋಡ್ ಸೇರಿದೆ ಎಂದು ತೀರ್ಮಾನಿಸಿದ ಕಂಪ್ಯೂಟರ್ ಆಟಗಳ ಅಂತರರಾಷ್ಟ್ರೀಯ ಸಂಸ್ಥೆ, 2007ರಿಂದ 2010ರವರೆಗಿನ ಅದರ ಪಟ್ಟಗಳನ್ನು 2011ರಲ್ಲಿ ಕಿತ್ತುಕೊಂಡಿತು. ಆ ಪಟ್ಟಗಳನ್ನು ತಂದ ನಡೆಗಳನ್ನು ಆಡಿದ್ದು ಯಾರು ಎಂಬುದಕ್ಕೆ ಇವತ್ತಿಗೂ ಒಮ್ಮತದ ಉತ್ತರವಿಲ್ಲ.

ಯಂತ್ರದ ಪಕ್ಕದಲ್ಲಿ ಕೂರುವ ಮನುಷ್ಯನದು ಮತ್ತೊಂದು ಸಮಸ್ಯೆ. ಕಾಯಿ ನಡೆಸುವುದು, ಗಡಿಯಾರ ಒತ್ತುವುದು ಅವನ ಕೆಲಸ. ಡ್ರಾ ಒಪ್ಪುವುದು, ಸೋಲೊಪ್ಪುವುದು ಹಲವೊಮ್ಮೆ ಅವನದೇ ತೀರ್ಮಾನ. 2003ರಲ್ಲಿ ಆಸ್ಟ್ರಿಯಾದ ಗ್ರಾಜ್‌ನಲ್ಲಿ ಕಂಪ್ಯೂಟರ್‌ಗಳದೇ ವಿಶ್ವ ಚಾಂಪಿಯನ್‌ಷಿಪ್ ನಡೆದಾಗ 'ಶ್ರೆಡರ್', 'ಜಾನಿ' ಎಂಬ ಎರಡು ಪ್ರೋಗ್ರಾಂಗಳ ಪಂದ್ಯದಲ್ಲಿ ಇದು ವಿಚಿತ್ರ ತಿರುವು ಪಡೆಯಿತು. ಗೆಲ್ಲುವ ಸ್ಥಿತಿಯಲ್ಲಿದ್ದ ಶ್ರೆಡರ್ ತನ್ನದೇ ದೋಷದಿಂದ ಒಂದೇ ಸ್ಥಿತಿ ಮೂರು ಸಲ ಬರಲು ಬಿಟ್ಟಿತು. ಜಾನಿ ಡ್ರಾ ಕೇಳಬಹುದಿತ್ತು. ಪರದೆಯ ಮೇಲೆ ಸೂಚನೆಯೂ ಮೂಡಿತು. ಎದುರಾಳಿಯ ಪ್ರೋಗ್ರಾಂ ದೋಷದಿಂದ ಅರ್ಧ ಪಾಯಿಂಟ್ ಪಡೆಯುವುದು ಸರಿಯಲ್ಲವೆಂದು ಜಾನಿಯ ಕರ್ತೃ ಡ್ರಾ ಕೇಳದೆ ಆಟ ಮುಂದುವರಿಸಿ ಸೋತರು. ಆ ಪಾಯಿಂಟಿನ ಬಲದಿಂದ ಶ್ರೆಡರ್ ಅಗ್ರಸ್ಥಾನದಲ್ಲಿ ಫ್ರಿಟ್ಜ್‌ಗೆ ಸಮನಾಗಿ, ಟೈಬ್ರೇಕರ್‌ನಲ್ಲಿ ಚಾಂಪಿಯನ್ ಆಯಿತು. ಫ್ರಿಟ್ಜ್ ಬಳಗಕ್ಕೆ ಇದು ಹಿಡಿಸದಿದ್ದರೆ ಆಶ್ಚರ್ಯವಿಲ್ಲ. ಯಂತ್ರಗಳ ಪಟ್ಟವನ್ನು ಕೊನೆಗೆ ತೀರ್ಮಾನಿಸಿದ್ದು ಒಬ್ಬ ಮನುಷ್ಯನ ಸಜ್ಜನಿಕೆ.

ಇನ್ನು ಫಿಡೆಯ ಆಟದ ನಿಯಮಗಳೇ ಇವೆ. ಆಡುವಾಗ ಟಿಪ್ಪಣಿ, ಪುಸ್ತಕ, ಬೇರೆಯವರ ಸಲಹೆ ಯಾವುದನ್ನೂ ನೋಡುವಂತಿಲ್ಲ. ಆ ಕಾಲದ ಪ್ರೋಗ್ರಾಂಗಳು ಆರಂಭದ ನಡೆಗಳನ್ನು ಮನುಷ್ಯರು ತುಂಬಿಟ್ಟ 'ಓಪನಿಂಗ್ ಬುಕ್'ನಿಂದ ತೆಗೆಯುತ್ತಿದ್ದವು. ಹಲಗೆಯಲ್ಲಿ ಐದೇ ಕಾಯಿ ಉಳಿದಾಗ ಮೊದಲೇ ಲೆಕ್ಕಹಾಕಿಟ್ಟ ಕೋಷ್ಟಕ ನೋಡುತ್ತಿದ್ದವು. ಇದು ನೆನಪೋ, ನಕಲು ಚೀಟಿಯೋ? ಮನುಷ್ಯನೂ ಬಾಯಿಪಾಠ ಮಾಡಿಕೊಂಡು ಬರುತ್ತಾನೆ ಎನ್ನುವ ವಾದದಲ್ಲಿ ಹುರುಳಿದೆ. ಆದರೆ ಮನುಷ್ಯ ಮರೆಯುತ್ತಾನೆ. ಕ್ರಾಮ್ನಿಕ್ 2006ರಲ್ಲಿ ಬಾನ್ ನಗರದಲ್ಲಿ ಡೀಪ್ ಫ್ರಿಟ್ಜ್ ಎದುರು ಆಡುವಾಗ ಈ ಅಂತರವನ್ನು ಸರಿದೂಗಿಸಲೆಂದೇ ವಿಶೇಷ ನಿಯಮ ಮಾಡಿದ್ದರು. ಯಂತ್ರ ಬುಕ್‌ನಿಂದ ಆಡುತ್ತಿರುವಷ್ಟು ಹೊತ್ತು ಅದರ ಪರದೆಯನ್ನು ಕ್ರಾಮ್ನಿಕ್ ನೋಡಬಹುದಿತ್ತು. ಇಂಥ ವಿಶೇಷ ನಿಯಮದಡಿ ಆಡಿದ ಪಂದ್ಯವನ್ನು ಮಾಮೂಲಿ ರೇಟಿಂಗಿಗೆ ಸೇರಿಸುವುದು ಸಾಧ್ಯವೇ ಇಲ್ಲ.

ಆ ಬಾನ್ ಪಂದ್ಯಾವಳಿಯ ಎರಡನೇ ಪಂದ್ಯದಲ್ಲಿ, ಆಟ ಹೆಚ್ಚುಕಡಿಮೆ ಸಮವಾಗಿದ್ದಾಗ, ಆಗಿನ ವಿಶ್ವ ಚಾಂಪಿಯನ್ ಕ್ರಾಮ್ನಿಕ್ ಒಂದೇ ನಡೆಯಲ್ಲಿ ಬರುವ ಚೆಕ್‌ಮೇಟ್ ಕಾಣದೆ ಹೋದರು. ಯಂತ್ರ 4–2ರಿಂದ ಗೆದ್ದಿತು. ಅದಕ್ಕೂ ಹಿಂದಿನ ವರ್ಷ ಲಂಡನ್ನಿನಲ್ಲಿ 'ಹೈಡ್ರಾ' ಎಂಬ ಯಂತ್ರ, ವಿಶ್ವದ ಅಗ್ರ ಹತ್ತರಲ್ಲಿದ್ದ ಮೈಕೆಲ್ ಆಡಮ್ಸ್ ಅವರನ್ನು 5.5–0.5ರಿಂದ ನೆಲಕಚ್ಚಿಸಿತ್ತು. ಅಲ್ಲಿಗೆ ಮನುಷ್ಯ–ಯಂತ್ರ ಪೈಪೋಟಿಯ ರೋಚಕತೆ ಮುಗಿಯಿತು. 2009ರಲ್ಲಿ ಬ್ಯೂನಸ್ ಐರಿಸ್‌ನ ಕೋಪಾ ಮೆರ್ಕೊಸುರ್ ಟೂರ್ನಿಯಲ್ಲಿ 'ಪಾಕೆಟ್ ಫ್ರಿಟ್ಜ್ 4' ಒಂದು ಮೊಬೈಲ್ ಫೋನಿನಲ್ಲಿ ಓಡುತ್ತಾ ಹತ್ತರಲ್ಲಿ ಒಂಬತ್ತೂವರೆ ಪಾಯಿಂಟ್ ಗಳಿಸಿತು. ಆಟದ ಮಟ್ಟ 2898. ಯಾವ ಮನುಷ್ಯನೂ ರೇಟಿಂಗ್‌ನಲ್ಲಿ ಮುಟ್ಟದ ಅಂಕಿ ಅದು. ಮ್ಯಾಗ್ನಸ್ ಕಾರ್ಲ್‌ಸನ್ 2014ರಲ್ಲಿ ಮುಟ್ಟಿದ 2882 ಇಂದಿಗೂ ಮಾನವ ದಾಖಲೆ. ಡೀಪ್ ಬ್ಲೂ ಸೆಕೆಂಡಿಗೆ 20 ಕೋಟಿ ಸ್ಥಿತಿ ಎಣಿಸುತ್ತಿದ್ದರೆ, ಈ ಫೋನು 20,000ಕ್ಕಿಂತ ಕಡಿಮೆ ಎಣಿಸುತ್ತಿತ್ತು. ಬಲ ಬಂದದ್ದು ವೇಗದಿಂದಲ್ಲ, ಯಾವುದನ್ನು ಎಣಿಸಬೇಕಿಲ್ಲ ಎಂಬ ವಿವೇಕವನ್ನು ಪ್ರೋಗ್ರಾಂಗೆ ತುಂಬಿದ್ದರಿಂದ. ಬೊಟ್ವಿನ್ನಿಕ್ ಹಂಬಲಿಸಿದ್ದು ಒಂದು ಬಗೆಯಲ್ಲಿ ಇದನ್ನೇ.

ಈಗ 'ಸ್ಟಾಕ್‌ಫಿಶ್'ನಂಥ ಉಚಿತ ಪ್ರೋಗ್ರಾಂಗಳ ರೇಟಿಂಗ್ 3600ರ ಹತ್ತಿರ ಎಂದು ಯಂತ್ರಗಳ ಪಟ್ಟಿಗಳು ತೋರಿಸುತ್ತವೆ. ಈ ಅಂಕಿಯನ್ನು ಕಾರ್ಲ್‌ಸನ್ ಅವರ 2882ರ ಪಕ್ಕ ಇಟ್ಟು ಹೋಲಿಸುವುದು ಸರಿಯಲ್ಲ. ಎಲೊ ರೇಟಿಂಗ್ ಎತ್ತರ, ತೂಕಗಳಂಥ ಸ್ವತಂತ್ರ ಅಳತೆಯಲ್ಲ; ಒಂದು ಗುಂಪಿನೊಳಗೆ ಪರಸ್ಪರ ಆಡಿದವರ ನಡುವಿನ ಅಂತರ ಮಾತ್ರ. ಯಂತ್ರಗಳ ಗುಂಪು ಯಂತ್ರಗಳೊಂದಿಗೇ ಆಡುತ್ತದೆ. ಎರಡೂ ಗುಂಪುಗಳನ್ನು ಬೆರೆಸಿದರೆ ಹಾಳಾಗುವುದು ಮನುಷ್ಯರ ಪಟ್ಟಿ. 400 ಅಂಕಗಳ ಅಂತರವಿದ್ದರೆ ಬಲಿಷ್ಠನಿಗೆ ನೂರಕ್ಕೆ 92ರಷ್ಟು ಪಾಯಿಂಟ್ ಸಿಗಬೇಕೆಂದು ಸೂತ್ರ ಹೇಳುತ್ತದೆ. ಎಂದೂ ಸೋಲದ ಸ್ಪರ್ಧಿಯೊಂದು ಓಪನ್ ಟೂರ್ನಿಗಳಲ್ಲಿ ಸುತ್ತುತ್ತಿದ್ದರೆ ಅದಕ್ಕೆ ಜೋಡಿಯಾದವರೆಲ್ಲ ಒಂದು ಪಾಯಿಂಟ್ ಕಳೆದುಕೊಂಡೇ ಟೂರ್ನಿ ಶುರುಮಾಡಿದಂತೆ. ನಾರ್ಮ್ ಬೇಟೆಯಲ್ಲಿರುವ ಹುಡುಗ ಹುಡುಗಿಯರಿಗೆ ಅರ್ಧ ಪಾಯಿಂಟೂ ವರ್ಷದ ದುಡಿಮೆ. ಯಂತ್ರಕ್ಕೆ ಬಿರುದು ಕೊಡದಿರಲು ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ಯಂತ್ರ ತಾನೇ ಬಿರುದು ಪಡೆಯದಿದ್ದರೂ ಬಿರುದುಗಳ ಒಳಗೆ ಸೇರಿಕೊಂಡಿದೆ. ಅಂತರರಾಷ್ಟ್ರೀಯ ಅಂಚೆ ಚೆಸ್ ಫೆಡರೇಷನ್, ಹಲಗೆಯ ಚೆಸ್‌ನಿಂದ ಪ್ರತ್ಯೇಕವಾಗಿ, ತನ್ನದೇ ಗ್ರ್ಯಾಂಡ್‌ಮಾಸ್ಟರ್ ಬಿರುದು ಕೊಡುತ್ತದೆ. ಅಲ್ಲಿ ಒಂದು ನಡೆಗೆ ದಿನಗಟ್ಟಲೆ ಸಮಯ. ಕಂಪ್ಯೂಟರ್ ನೆರವು ಪಡೆಯುವುದಕ್ಕೆ ಅಡ್ಡಿಯೇ ಇಲ್ಲ. ಎರಡೂ ಕಡೆ ಬಲಿಷ್ಠ ಪ್ರೋಗ್ರಾಂಗಳು ಕೂತಿರುವುದರಿಂದ ಉನ್ನತ ಮಟ್ಟದಲ್ಲಿ ಬಹುತೇಕ ಪಂದ್ಯಗಳು ಡ್ರಾ. ಯಾವ ಯಂತ್ರದ ಮಾತನ್ನು ಎಲ್ಲಿ ನಂಬಬೇಕು, ಎಲ್ಲಿ ನಂಬಬಾರದು ಎಂಬ ವಿವೇಚನೆಗೇ ಅಲ್ಲಿ ಬಿರುದು ಸಲ್ಲುತ್ತದೆ. ಹಲಗೆಯ ಚೆಸ್‌ನಲ್ಲಿ ಅದೇ ನೆರವು ಅಪರಾಧ. 2019ರಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ಟೂರ್ನಿಯ ಶೌಚಾಲಯದಲ್ಲಿ ಫೋನ್ ಬಳಸಿ ಸಿಕ್ಕಿಬಿದ್ದ ಗ್ರ್ಯಾಂಡ್‌ಮಾಸ್ಟರ್ ಒಬ್ಬರಿಂದ ಫಿಡೆ ಬಿರುದನ್ನೇ ಹಿಂಪಡೆದು, ಆರು ವರ್ಷ ನಿಷೇಧ ಹೇರಿತು. ಆನ್‌ಲೈನ್ ಆಟದ 'ಲಿಚೆಸ್' ತಾಣ ಯಂತ್ರಗಳಿಗೂ ಖಾತೆ ತೆರೆಯಲು ಬಿಡುತ್ತದೆ. ಮನುಷ್ಯ ಆಟಗಾರರ ಹೆಸರಿನ ಮುಂದೆ 'ಜಿಎಂ' ಎಂದು ಬರುವ ಜಾಗದಲ್ಲಿ ಅವುಗಳ ಹೆಸರಿನ ಮುಂದೆ 'ಬಾಟ್' ಎಂದಿರುತ್ತದೆ.